ಕಣ್ಣಿಗೆ ಬೀಳದ ಕಸುಬು: ಡಿಸ್ನಿ ವರ್ಲ್ಡ್‌ನ ಒಳಗುಟ್ಟುಗಳ ಅಧ್ಯಯನ ಟಿಪ್ಪಣಿ

ಹುಬ್ಬಳ್ಳಿ, ಧಾರವಾಡ, ಗದಗದ ಕಡೆ ಪ್ರವಾಸೋದ್ಯಮ, ಚಿತ್ರಕಲೆ ಅಥವಾ ವಾಸ್ತುಶಿಲ್ಪ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಥೀಮ್ ಪಾರ್ಕ್ ಎಂಬ ಅಧ್ಯಾಯ ಬಂದಾಗ ನಾವು ಇಸವಿ, ಎಕರೆ, ಪಾರ್ಕಿನ ಹೆಸರು ಬರೆದುಕೊಂಡು ಮುಂದಿನ ಪುಟಕ್ಕೆ ಹೋಗಿಬಿಡುತ್ತೇವೆ. ಅಂಕ ಬರುತ್ತವೆ, ವಿಷಯ ತಲೆಗೆ ಹೋಗುವುದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್ ಬಗ್ಗೆ ಓದುವಾಗ ನಾನು ಕಂಡುಕೊಂಡ ದಾರಿ ಬೇರೆ. ಅಲ್ಲಿನ ಒಂದೊಂದು ಗುಟ್ಟನ್ನೂ ಎದುರಿಗಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಬೇಕು: ಇದು ಯಾವ ತೊಡಕಿಗೆ ಕಂಡುಕೊಂಡ ಪರಿಹಾರ? ಹಾಗೆ ಕೇಳಿದಾಗ ಬಿಡಿಬಿಡಿ ಸಂಗತಿಗಳು ತಾವಾಗಿಯೇ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಮೊದಲು ನೆಲೆ ಗಟ್ಟಿ ಮಾಡಿಕೊಳ್ಳೋಣ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದದ್ದು 1955ರ ಜುಲೈ 17ರಂದು. ಫ್ಲಾರಿಡಾದ್ದು ಎರಡನೆಯದು, 1971ರ ಅಕ್ಟೋಬರ್ 1ರಂದು ತೆರೆಯಿತು. ಅಷ್ಟರಲ್ಲಿ ವಾಲ್ಟ್ ಡಿಸ್ನಿ ತೀರಿಕೊಂಡು ಐದು ವರ್ಷವಾಗುತ್ತ ಬಂದಿತ್ತು. ಕೆಲಸ ಪೂರೈಸಿದ್ದು ಅಣ್ಣ ರಾಯ್ ಡಿಸ್ನಿ. ಪಾರ್ಕ್ ತೆರೆದ ವರ್ಷವೇ, ಡಿಸೆಂಬರಿನಲ್ಲಿ, ಅವರೂ ಹೋದರು. ಡಿಸ್ನಿಲ್ಯಾಂಡ್ ಮತ್ತು ಡಿಸ್ನಿ ವರ್ಲ್ಡ್ ಒಂದೇ ಎಂದು ಬರೆಯುವವರು ನಮ್ಮಲ್ಲಿ ಬಹಳ ಮಂದಿ. ಇವೆರಡರ ನಡುವಿನ ವ್ಯತ್ಯಾಸದಲ್ಲೇ ಮುಂದಿನ ಅರ್ಧ ಪಾಠ ಇದೆ, ಹಾಗಾಗಿ ಇಲ್ಲಿ ಗೊಂದಲ ಬೇಡ.

ಕೋಟೆ ಎಷ್ಟೆತ್ತರ?

ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ನಡುವೆ ನಿಂತಿರುವ ಸಿಂಡ್ರೆಲಾ ಕೋಟೆಯ ಎತ್ತರ 189 ಅಡಿ. ನೋಡಿದವರಿಗೆ ಅದಕ್ಕಿಂತ ಎತ್ತರ ಅನ್ನಿಸುತ್ತದೆ. ಕೆಳಗಿನ ಕಲ್ಲು, ಕಿಟಕಿಗಳ ಅಳತೆ ದೊಡ್ಡದು. ಮೇಲೆ ಹೋದಂತೆ ಅದೇ ಕಲ್ಲು, ಅದೇ ಕಿಟಕಿ ಸಣ್ಣದಾಗುತ್ತ ಹೋಗುತ್ತವೆ. ದೂರದ ವಸ್ತು ಚಿಕ್ಕದಾಗಿ ಕಾಣುವುದು ಕಣ್ಣಿಗೆ ರೂಢಿ. ಆದ್ದರಿಂದ ಚಿಕ್ಕ ಕಿಟಕಿ ಕಂಡ ಕೂಡಲೇ ಕಣ್ಣು ಅದನ್ನು ಇನ್ನೂ ಮೇಲಿದೆ ಎಂದೇ ಲೆಕ್ಕ ಹಾಕುತ್ತದೆ. ಇನ್ನೊಂದು ಸಂಗತಿ: ಕಲ್ಲು ಎಂದೆನಲ್ಲ, ಅಲ್ಲಿ ಕಲ್ಲೂ ಇಲ್ಲ, ಇಟ್ಟಿಗೆಯೂ ಇಲ್ಲ. ಒಳಗೆ ಉಕ್ಕು ಮತ್ತು ಕಾಂಕ್ರೀಟು, ಮೇಲಿನ ಗೋಪುರಗಳೆಲ್ಲ ಫೈಬರ್‌ಗ್ಲಾಸ್.

ನಮ್ಮ ಓದುಗುಂಪಿನಲ್ಲಿ ಒಬ್ಬಾತ ಕೇಳಿದ, "ಅಲ್ಲಪಾ, ಅಷ್ಟ್ ರೊಕ್ಕ ಇದ್ದಾವ್ರು ಖರೇನ ಎತ್ತರ ಕಟ್ಟೂದ ಬಿಟ್ಟು ಯಾಕ ಕಣ್ಣಿಗೆ ಮಣ್ಣ ಎರಚ್ಯಾರ?" ಒಳ್ಳೆಯ ಪ್ರಶ್ನೆ. ಅಮೆರಿಕದ ವಿಮಾನಯಾನ ನಿಯಮದಂತೆ 200 ಅಡಿ ದಾಟಿದ ಕಟ್ಟಡದ ನೆತ್ತಿಯ ಮೇಲೆ ಎಚ್ಚರಿಕೆಯ ದೀಪ ಹಾಕಬೇಕಾಗುತ್ತದೆ. ಕಥೆಯೊಳಗಿನ ಅರಮನೆಯ ತುದಿಯಲ್ಲಿ ಕೆಂಪು ದೀಪ ಮಿನುಗಿದರೆ ಅಲ್ಲಿಗೆ ಕಥೆ ಮುಗಿದಂತೆಯೇ. ಅದೇ ರೆಸಾರ್ಟಿನ ಬೇರೆ ಪಾರ್ಕುಗಳಲ್ಲಿರುವ ಟವರ್ ಆಫ್ ಟೆರರ್ ಎಂಬ ಗೋಪುರ 199 ಅಡಿ, ಎಕ್ಸ್‌ಪೆಡಿಷನ್ ಎವರೆಸ್ಟ್ ಎಂಬ ಕೃತಕ ಬೆಟ್ಟ 199.5 ಅಡಿ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ, ನಿಯಮದ ಗೆರೆ ಎಲ್ಲಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಕೋಟೆಯ ಕೆಳಗಿನ ಹಾದಿಯಲ್ಲಿ ಐದು ಮೊಸಾಯಿಕ್ ಫಲಕಗಳಿವೆ. ಸಿಂಡ್ರೆಲಾ ಕಥೆಯನ್ನು ಬಣ್ಣದ ಗಾಜಿನ ಚೂರುಗಳಲ್ಲಿ ಹೇಳಿದ್ದಾರೆ. ಗಾಜಿನ ಪಾದರಕ್ಷೆ ಸಿಂಡ್ರೆಲಾಳ ಕಾಲಿಗೆ ಸರಿಹೊಂದುವ ಫಲಕದ ಮುಂದೆ ಮಂದಿ ಅವಸರದಲ್ಲಿ ಹಾದುಹೋಗುತ್ತಾರೆ. ಅಲ್ಲಿ ನಿಂತು ನೋಡಬೇಕಾದದ್ದು ಇಬ್ಬರು ಮಲಅಕ್ಕಂದಿರ ಮುಖ. ಒಬ್ಬಳ ಮುಖದ ಚೂರುಗಳು ಕೆಂಪು, ಇನ್ನೊಬ್ಬಳದ್ದು ಹಸಿರು. ಕೆಂಪು ಸಿಟ್ಟಿಗೆ, ಹಸಿರು ಹೊಟ್ಟೆಕಿಚ್ಚಿಗೆ. ಒಂದು ಅಕ್ಷರವೂ ಇಲ್ಲದೆ ಇಬ್ಬರ ಮನಸ್ಸು ಬೇರೆಬೇರೆಯಾಗಿ ಗೋಡೆಯ ಮೇಲೆ ಬಂದಿದೆ. ಫಲಕಗಳ ವಿನ್ಯಾಸ ಡೊರೊಥಿಯಾ ರೆಡ್‌ಮಂಡ್ ಅವರದು, ಚೂರು ಜೋಡಿಸಿದ್ದು ಹಾನ್ಸ್ ಶಾರ್ಫ್. ಈ ಶಾರ್ಫ್ ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಾಯುಪಡೆಯಲ್ಲಿದ್ದವರು. ಸೆರೆಸಿಕ್ಕ ಶತ್ರು ಪೈಲಟ್‌ಗಳನ್ನು ಹೊಡೆಯದೆ ಬಡಿಯದೆ, ಮಾತಿನಲ್ಲೇ ಒಲಿಸಿ ವಿಷಯ ಹೊರಡಿಸುತ್ತಿದ್ದವರು ಎಂದು ಹೆಸರಾದವರು. ಯುದ್ಧದ ಬಳಿಕ ಅಮೆರಿಕಕ್ಕೆ ಹೋಗಿ ಮೊಸಾಯಿಕ್ ಕಲಾವಿದರಾದರು. ಇಡೀ ಡಿಸ್ನಿ ವರ್ಲ್ಡ್‌ನಲ್ಲಿ ನನ್ನನ್ನು ಅತಿ ಹೆಚ್ಚು ಹಿಡಿದು ನಿಲ್ಲಿಸಿದ ಸಂಗತಿ ಇದೇ.

ನೆಲಮಾಳಿಗೆ ಅನ್ನಿಸುವ ನೆಲಮಹಡಿ

ಮ್ಯಾಜಿಕ್ ಕಿಂಗ್‌ಡಮ್ ಕೆಳಗೆ ಸುರಂಗಗಳಿವೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅವಕ್ಕೆ ಯುಟಿಲಿಡಾರ್ ಎನ್ನುತ್ತಾರೆ, ಹರವು ಸುಮಾರು 9 ಎಕರೆ. ಆದರೆ ಅವು ನೆಲವನ್ನು ಅಗೆದು ಮಾಡಿದವಲ್ಲ. ಫ್ಲಾರಿಡಾ ಜೌಗು ನಾಡು. ಸ್ವಲ್ಪ ಅಗೆದರೂ ನೀರು ಏಳುತ್ತದೆ. ನಮ್ಮ ನವಲಗುಂದ, ರೋಣದ ಕಡೆ ಬೋರ್‌ವೆಲ್ ಕೊರೆಸಿ ಸೋತವರಿಗೆ ಇದನ್ನು ನಂಬುವುದೇ ಕಷ್ಟ! ಹಾಗಾಗಿ ಅವರು ಸಹಜ ನೆಲದ ಮೇಲೇ ಕಾರಿಡಾರುಗಳನ್ನು ಕಟ್ಟಿ, ಅವುಗಳ ಮೇಲೆ ಪಾರ್ಕನ್ನು ಎಬ್ಬಿಸಿದರು. ಪಾರ್ಕಿನ ಎದುರಿಗೆ ಸೆವೆನ್ ಸೀಸ್ ಲಗೂನ್ ಎಂಬ ಕೆರೆ ತೋಡಿದಾಗ ಬಂದ ಮಣ್ಣನ್ನು ಸುತ್ತ ತುಂಬಿ ಏರು ಮಾಡಿದರು. ಪ್ರವಾಸಿಗರು ತಮಗೆ ಗೊತ್ತಿಲ್ಲದೆಯೇ ಎರಡನೇ ಅಂತಸ್ತಿನ ಮೇಲೆ ಓಡಾಡುತ್ತಾರೆ. ಕೆರೆಯ ಮಣ್ಣು ಏರಿಗೆ, ಏರಿನ ಅಡಿ ಕಾರಿಡಾರು: ಒಂದು ಕೆಲಸದ ತ್ಯಾಜ್ಯ ಇನ್ನೊಂದರ ಸಾಮಾನು. ಪರೀಕ್ಷೆಯಲ್ಲಿ ಯುಟಿಲಿಡಾರ್ ಬಗ್ಗೆ ಬರೆಯುವಾಗ ನೀರಿನ ಮಟ್ಟದಿಂದಲೇ ಶುರು ಮಾಡಿ.

ಸರಿ, ಇಷ್ಟೆಲ್ಲ ಯಾಕೆ? ಕ್ಯಾಲಿಫೋರ್ನಿಯಾದಲ್ಲಿ ಕೌಬಾಯ್ ವೇಷ ತೊಟ್ಟ ನೌಕರನೊಬ್ಬ ಕೆಲಸದ ಜಾಗಕ್ಕೆ ಹೋಗಲು ಟುಮಾರೋಲ್ಯಾಂಡ್ ಎಂಬ ಭವಿಷ್ಯದ ಲೋಕವನ್ನು ಹಾದುಹೋಗುವುದು ವಾಲ್ಟ್ ಡಿಸ್ನಿ ಕಣ್ಣಿಗೆ ಬಿದ್ದು ಕಿರಿಕಿರಿಯಾಯಿತೆಂದು ಹೇಳುತ್ತಾರೆ. ಬಯಲಾಟದ ರಾತ್ರಿ ಪಾತ್ರಧಾರಿ ಬಣ್ಣದ ಮನೆಯಿಂದ ನೇರ ರಂಗದ ಮೇಲೆ ಬರಬೇಕು, ನಡುವೆ ಮಂದಿಯೊಳಗೆ ಚಹಾ ಕುಡಿಯುತ್ತ ಕೂತರೆ ವೇಷದ ತೂಕ ಇಳಿಯುತ್ತದೆ. ಯುಟಿಲಿಡಾರ್ ಆ ಇಡೀ ಊರಿನ ಬಣ್ಣದ ಮನೆ. ನೌಕರರ ಓಡಾಟ, ಬಟ್ಟೆಬರೆ, ಸರಕು, ಕೇಬಲ್ಲು, ಕೊಳವೆ ಎಲ್ಲ ಅಲ್ಲೇ.

ಕಸದ ವಿಷಯ ಬೇರೆಯಾಗಿಯೇ ಬರೆದುಕೊಳ್ಳಿ. ಪಾರ್ಕಿನ ಕಸವನ್ನು ಹಿಂಬದಿಯ ಕೆಲವು ಕಡೆ ಕೊಳವೆಗೆ ಸುರಿಯುತ್ತಾರೆ. ಅಲ್ಲಿಂದ ಗಾಳಿಯ ಸೆಳೆತದಲ್ಲಿ ಅದು ಗಂಟೆಗೆ ಸುಮಾರು 60 ಮೈಲಿ ವೇಗದಲ್ಲಿ ದೂರದ ಘಟಕಕ್ಕೆ ಹೋಗುತ್ತದೆ. ಸ್ವೀಡನ್‌ನಲ್ಲಿ ಹುಟ್ಟಿದ ತಂತ್ರ ಇದು. ಬೀದಿಯಲ್ಲಿ ಕಸದ ಗಾಡಿ ಕಾಣುವುದೇ ಇಲ್ಲ. ನಗರಪಾಲಿಕೆಯ ಘನತ್ಯಾಜ್ಯ ನಿರ್ವಹಣೆ ಬಗ್ಗೆ ಪ್ರಾಜೆಕ್ಟ್ ಮಾಡುವವರು ಥೀಮ್ ಪಾರ್ಕಿನಿಂದ ಒಂದು ಉದಾಹರಣೆ ಕೊಡಬೇಕಾದರೆ ಇದನ್ನೇ ಕೊಡಿ.

ಒಂದೇ ಭೂತಬಂಗಲೆ, ಎರಡು ಯಂತ್ರ

ಹಾಂಟೆಡ್ ಮ್ಯಾನ್ಷನ್ ಎಂಬ ಭೂತಬಂಗಲೆ ಎರಡೂ ಕಡೆ ಇದೆ. ಡಿಸ್ನಿಲ್ಯಾಂಡಿನದ್ದು 1969ರ ಆಗಸ್ಟ್ 9ರಂದು ಶುರುವಾಯಿತು, ಫ್ಲಾರಿಡಾದ್ದು ಪಾರ್ಕಿನ ಜೊತೆಯಲ್ಲೇ. ಒಳಹೊಕ್ಕವರನ್ನು ಒಂದು ಎಂಟುಮೂಲೆಯ ಕೋಣೆಯಲ್ಲಿ ನಿಲ್ಲಿಸುತ್ತಾರೆ. ಕೋಣೆ ಉದ್ದುದ್ದ ಹಿಗ್ಗುತ್ತದೆ, ಗೋಡೆಯ ಚಿತ್ರಗಳೂ ಹಿಗ್ಗಿ ಅವುಗಳ ಕೆಳಗಿನ ಭೀಕರ ಭಾಗ ಬಯಲಾಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಈ ಕೋಣೆ ಒಂದು ಲಿಫ್ಟು. ಡಿಸ್ನಿಲ್ಯಾಂಡಿನ ಸುತ್ತ ಮಣ್ಣಿನ ದಿಬ್ಬ, ಅದರ ಮೇಲೆ ರೈಲು ಹಳಿ ಇದೆ. ಹೊರಗಿನ ಊರು ಒಳಗಿನವರಿಗೆ ಕಾಣಬಾರದೆಂದು ಹಾಕಿದ ದಿಬ್ಬ. ಬಂಗಲೆಯ ಮುಂಭಾಗ ದಿಬ್ಬದ ಒಳಗಿದ್ದರೆ, ನಿಜವಾದ ಪ್ರದರ್ಶನದ ಕಟ್ಟಡ ಜಾಗ ಸಾಲದೆ ದಿಬ್ಬದ ಆಚೆ ಬಂತು. ಮಂದಿಯನ್ನು ಹಳಿಯ ಕೆಳಗೆ ದಾಟಿಸಬೇಕು, ದಾಟಿಸಿದ್ದು ಗೊತ್ತಾಗಬಾರದು. ಅದಕ್ಕೇ ನೆಲ ಕೆಳಗಿಳಿಯುತ್ತದೆ. ಫ್ಲಾರಿಡಾದಲ್ಲಿ ಜಾಗಕ್ಕೆ ಬರವಿರಲಿಲ್ಲ, ಕೆಳಗಿಳಿಸುವ ಅಗತ್ಯವೂ ಇರಲಿಲ್ಲ. ಆದರೆ ಕೋಣೆ ಅಷ್ಟರಲ್ಲಿ ಹೆಸರುವಾಸಿಯಾಗಿತ್ತು, ಬಿಡುವಂತಿರಲಿಲ್ಲ. ಅಲ್ಲಿ ನೆಲ ಅಲುಗುವುದಿಲ್ಲ, ಚಾವಣಿ ಮೇಲೇರುತ್ತದೆ. ನೋಡುವವರ ಅನುಭವ ಒಂದೇ. ಒಂದು ಕಡೆ ಅನಿವಾರ್ಯಕ್ಕೆ ಹುಟ್ಟಿದ್ದು ಇನ್ನೊಂದು ಕಡೆ ಸಂಪ್ರದಾಯವಾಗಿ ಉಳಿಯಿತು.

ಒಳಗಿನ ನೃತ್ಯಶಾಲೆಯಲ್ಲಿ ದೆವ್ವಗಳು ಪಾರದರ್ಶಕವಾಗಿ ಕುಣಿಯುತ್ತವೆ. ಇದು ಕಂಪ್ಯೂಟರ್ ಕೆಲಸ ಅಂದುಕೊಳ್ಳಬೇಡಿ. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಪ್ರದರ್ಶಿಸಿದ ರಂಗತಂತ್ರವೇ ಇಲ್ಲಿಯೂ ನಡೆದಿದೆ. ನೋಡುಗರಿಗೂ ನೃತ್ಯಶಾಲೆಗೂ ನಡುವೆ ದೊಡ್ಡ ಗಾಜು. ದೆವ್ವದ ಗೊಂಬೆಗಳು ಇರುವುದು ನೋಡುಗರ ಮೇಲೂ ಕೆಳಗೂ ಇರುವ ಕಪ್ಪು ಕೋಣೆಗಳಲ್ಲಿ. ಅವುಗಳ ಮೇಲೆ ಬೆಳಕು ಬಿದ್ದಾಗ ಪ್ರತಿಬಿಂಬ ಗಾಜಿನಲ್ಲಿ ಮೂಡಿ, ಆಚೆಯ ಖಾಲಿ ಶಾಲೆಯಲ್ಲೇ ಇದ್ದಂತೆ ಕಾಣುತ್ತದೆ. ಇದನ್ನು ಮನದಟ್ಟು ಮಾಡಿಕೊಳ್ಳಲು ಫ್ಲಾರಿಡಾಕ್ಕೆ ಹೋಗಬೇಕಿಲ್ಲ. ಕತ್ತಲಾದ ಮೇಲೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಬರುವಾಗ ಕಿಟಕಿ ಗಾಜು ನೋಡಿ. ಒಳಗೆ ದೀಪ, ಹೊರಗೆ ಕತ್ತಲು. ನಿಮ್ಮ ಪಕ್ಕದಲ್ಲಿ ಕೂತವರು ನವನಗರದ ರಸ್ತೆಯ ಮೇಲೆ ತೇಲುತ್ತಿರುತ್ತಾರೆ, ಅವರ ಮೈಯೊಳಗಿಂದ ಅಂಗಡಿಯ ದೀಪಗಳು ಕಾಣುತ್ತವೆ. ಪೆಪ್ಪರ್ ತಂತ್ರ ಎಂದರೆ ಅಷ್ಟೇ. ಗಾಜಿನಲ್ಲಿ ಎಡಬಲ ಅದಲುಬದಲಾಗುತ್ತದಲ್ಲ, ಹಾಗಾಗಿ ಆ ನೃತ್ಯದ ಜೋಡಿಗಳಲ್ಲಿ ಹೆಂಗಸರೇ ಗಂಡಸರನ್ನು ಮುನ್ನಡೆಸಿದಂತೆ ಕಾಣುತ್ತದೆ. ವೀಡಿಯೊ ಸಿಕ್ಕರೆ ಕೈಗಳನ್ನು ಗಮನಿಸಿ.

ಪಕ್ಕದ ಊರಿನ ಗೋಪುರ

ಫ್ಲಾರಿಡಾದ ಅದೇ ರೆಸಾರ್ಟಿನ ಎಪ್ಕಾಟ್ ಪಾರ್ಕಿನಲ್ಲಿ ದೇಶದೇಶಗಳ ಮಂಟಪಗಳಿವೆ. ಮೊರಾಕ್ಕೊ ಮಂಟಪಕ್ಕೆ ಆ ದೇಶದ ರಾಜ ಎರಡನೇ ಹಸನ್ ತಮ್ಮ ಕುಶಲಕರ್ಮಿಗಳನ್ನೇ ಕಳಿಸಿದ್ದರು. ಮುಂದೆ 1994ರಲ್ಲಿ ಬೇರೊಂದು ಪಾರ್ಕಿನಲ್ಲಿ ಟವರ್ ಆಫ್ ಟೆರರ್ ಎದ್ದಾಗ, ಅದರ ತುದಿ ಎಪ್ಕಾಟ್‌ನಿಂದ ಕಾಣುವುದು ತಪ್ಪುವಂತಿರಲಿಲ್ಲ, ಅದೂ ಮೊರಾಕ್ಕೊ ಮಂಟಪದ ಬೆನ್ನ ಹಿಂದೆಯೇ. ಮರೆಮಾಚಲು ಆಗದ್ದನ್ನು ಹೊಂದಿಸಿಕೊಂಡರು: ಗೋಪುರದ ಬಣ್ಣ, ನೆತ್ತಿಯ ಆಕಾರ ಎರಡನ್ನೂ ಮೊರಾಕ್ಕೊ ಕಟ್ಟಡಗಳ ಸಾಲಿಗೆ ಸೇರುವಂತೆ ರೂಪಿಸಿದರು. ಹಳೆಯ ಗುಡಿಯ ಹಿಂದೆ ಮೊಬೈಲ್ ಟವರ್ ನಿಲ್ಲಿಸುವ ಮೊದಲು ನಮ್ಮವರೂ ಇಷ್ಟು ಯೋಚಿಸಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ.

ಕಿಟಕಿಯ ಮೇಲಿನ ಹೆಸರುಗಳು

ಮ್ಯಾಜಿಕ್ ಕಿಂಗ್‌ಡಮ್‌ನ ಮುಖ್ಯ ಬೀದಿಯ ಮಹಡಿ ಕಿಟಕಿಗಳ ಮೇಲೆ ಅಂಗಡಿ, ಕಚೇರಿಗಳ ಹೆಸರು ಬರೆದಿರುತ್ತದೆ. ಅವು ಪಾರ್ಕ್ ಕಟ್ಟಿದವರಿಗೆ ಸಲ್ಲಿಸಿದ ಗೌರವ. ಕೆಲವು ಮಾತ್ರ ಬೇರೆ ಜಾತಿಯವು: 1965ರ ಹೊತ್ತಿಗೆ ಭೂಮಿ ಕೊಳ್ಳಲು ಹುಟ್ಟುಹಾಕಿದ ಹೆಸರಿಗಷ್ಟೇ ಇದ್ದ ಕಂಪನಿಗಳ ಹೆಸರು. ಡಿಸ್ನಿ ಬರುತ್ತಿದೆ ಎಂದು ಗೊತ್ತಾದರೆ ಬೆಲೆ ಏರುತ್ತದೆಂದು ಟೊಮಾಹಾಕ್ ಪ್ರಾಪರ್ಟೀಸ್, ರೀಡಿ ಕ್ರೀಕ್ ರ‍್ಯಾಂಚ್ ಲ್ಯಾಂಡ್ಸ್, ಐಫೋರ್ ಕಾರ್ಪೊರೇಷನ್ ಹೀಗೆ ಬೇರೆಬೇರೆ ಹೆಸರಲ್ಲಿ ಕೊಂಡು, ಸುಮಾರು 27 ಸಾವಿರ ಎಕರೆ ಕೂಡಿಸಿದರು. ಐಫೋರ್ ಎಂದರೆ ಪಕ್ಕದಲ್ಲೇ ಹಾದುಹೋಗುವ ಐ-4 ಹೆದ್ದಾರಿ! ಅದೇ ವರ್ಷ ಅಕ್ಟೋಬರಿನಲ್ಲಿ ಒರ್ಲಾಂಡೊ ಸೆಂಟಿನೆಲ್ ಪತ್ರಿಕೆಯ ವರದಿಗಾರ್ತಿ ಎಮಿಲಿ ಬಾವರ್ ಗುಟ್ಟನ್ನು ಊಹಿಸಿಬಿಟ್ಟರು. ನವೆಂಬರಿನಲ್ಲಿ ಅಧಿಕೃತ ಘೋಷಣೆ ಬಂತು. ಇದನ್ನು ಜಾಣತನ ಎಂದು ಮಾತ್ರ ಓದಬೇಡಿ. ಮೊದಮೊದಲು ಅಗ್ಗಕ್ಕೆ ಮಾರಿದವರ ಕಡೆಯಿಂದಲೂ ಒಮ್ಮೆ ಯೋಚಿಸಿ. ಹೆದ್ದಾರಿ, ಬೈಪಾಸಿಗೆ ಹೊಲ ಕೊಟ್ಟವರ ಮನೆಯ ಮಕ್ಕಳು ನಮ್ಮ ತರಗತಿಗಳಲ್ಲೇ ಇದ್ದಾರೆ.

ರೆಸಾರ್ಟಿನ ಒಳಗೆ ಒಂದು ಆಡು

ಹೋಟೆಲುಗಳ ಗುಟ್ಟು ಕಡಿಮೆ ಮಂದಿಗೆ ಗೊತ್ತು. 1971ರಲ್ಲೇ ತೆರೆದ ಕಾಂಟೆಂಪರರಿ ರೆಸಾರ್ಟಿನ ಹೊಟ್ಟೆಯೊಳಗೇ ಮೊನೊರೈಲು ಹಾದುಹೋಗುತ್ತದೆ. ಅದರ ಕೋಣೆಗಳನ್ನು ಬೇರೆ ಕಡೆ ಪೂರ್ತಿ ತಯಾರಿಸಿ ತಂದು, ಕ್ರೇನಿನಿಂದ ಎತ್ತಿ, ಉಕ್ಕಿನ ಚೌಕಟ್ಟಿನೊಳಗೆ ಸೇರಿಸಿದರು. ನಡುವಿನ ಅಂಗಳದಲ್ಲಿ ಮೇರಿ ಬ್ಲೇರ್ ರೂಪಿಸಿದ 90 ಅಡಿ ಎತ್ತರದ ಟೈಲ್ಸ್ ಭಿತ್ತಿಚಿತ್ರವಿದೆ. ಮಕ್ಕಳು, ಹೂವು, ಹಕ್ಕಿಗಳ ನಡುವೆ ಮೊನೊರೈಲಿಗೆ ಎದುರಾದ ಮುಖದಲ್ಲಿ ಒಂದು ಆಡು. ಅದರ ಕಾಲು ಎಣಿಸಿ: ಐದು. ನನ್ನ ಪ್ರಶ್ನೆಗೆ ಸುಲಭವಾಗಿ ಬಗ್ಗದ ಗುಟ್ಟು ಇದೊಂದೇ. ಯಾವ ತೊಡಕನ್ನೂ ಇದು ಬಿಡಿಸುವುದಿಲ್ಲ, ನಿಂತು ಎಣಿಸಿದವರಿಗೆ ಕಲಾವಿದೆ ಕೊಟ್ಟ ಉಡುಗೊರೆ.

ಮೂರು ವೃತ್ತ ಸೇರಿಸಿ ಅಲ್ಲಲ್ಲಿ ಅಡಗಿಸಿಟ್ಟ ಮಿಕ್ಕಿ ಮೌಸ್ ಆಕಾರಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹುಡುಕಲು ಚೆಂದ, ಓದಲು ಅಷ್ಟೇನಿಲ್ಲ. ಒಂದು ಗಾಳಿಮಾತನ್ನು ಮಾತ್ರ ಉತ್ತರಪತ್ರಿಕೆಯಿಂದ ಹೊರಗಿಡಿ: ವಾಲ್ಟ್ ಡಿಸ್ನಿಯ ದೇಹವನ್ನು ಮಂಜುಗಟ್ಟಿಸಿ ಪಾರ್ಕಿನ ಕೆಳಗೆ ಇಟ್ಟಿದ್ದಾರೆ ಎಂಬುದು. ಅವರು ತೀರಿಕೊಂಡದ್ದು 1966ರ ಡಿಸೆಂಬರ್ 15ರಂದು. ದಹನ ಮಾಡಿದ್ದಾರೆ, ಚಿತಾಭಸ್ಮ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿರುವ ಸ್ಮಶಾನದಲ್ಲಿದೆ. ಅದಾದ ಒಂದು ತಿಂಗಳೊಳಗೆ, 1967ರ ಜನವರಿಯಲ್ಲಿ, ಮೊದಲ ಬಾರಿಗೆ ಒಬ್ಬರ ದೇಹವನ್ನು ಹಾಗೆ ಕಾಪಿಟ್ಟರು. ಎರಡು ಸುದ್ದಿ ಹತ್ತಿರಹತ್ತಿರ ಬಂದದ್ದೂ ಈ ಕಥೆಗೆ ಬಲ ಕೊಟ್ಟಿರಬೇಕು.

ಇಲ್ಲೇ ಮಾಡಬಹುದಾದ ಅಭ್ಯಾಸ

ಹುಬ್ಬಳ್ಳಿಯಿಂದ ಬೆಂಗಳೂರು ಹೆದ್ದಾರಿ ಹಿಡಿದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ತಾಣ, ಉತ್ತರ ಕರ್ನಾಟಕದ ಹಳ್ಳಿಯ ಬದುಕು ಆಳೆತ್ತರದ ಶಿಲ್ಪಗಳಲ್ಲಿ ನಿಂತಿದೆ. ಸೆಲ್ಫಿ ಮುಗಿದ ಮೇಲೆ ನೋಟ್‌ಬುಕ್ ತೆಗೆಯಿರಿ. ಹೆದ್ದಾರಿಯ ಲಾರಿ ಸದ್ದು ಎಲ್ಲಿವರೆಗೆ ಕೇಳುತ್ತದೆ? ಯಾವ ತಿರುವಿನಲ್ಲಿ ಹೊರಗಿನ ಜಗತ್ತು ಮರೆಯಾಗುತ್ತದೆ? ಡಿಸ್ನಿ ಕೋಟೆ ಅಳತೆ ಕುಗ್ಗಿಸಿ ಕಣ್ಣನ್ನು ಮೇಲಕ್ಕೆ ಒಯ್ದರೆ, ಇಲ್ಲಿ ಶಿಲ್ಪ ನಿಮ್ಮಷ್ಟೇ ಎತ್ತರ ಇರುವುದರಿಂದ ನೀವು ಅದರ ಪಕ್ಕದಲ್ಲಿ ಹೇಗೆ ನಿಲ್ಲುತ್ತೀರಿ? ಶಿಲ್ಪದ ಕೈಯೊಳಗಿನ ಸಲಕರಣೆ, ಸೀರೆಯ ನೆರಿಗೆ, ರುಮಾಲು ಸುತ್ತಿದ ರೀತಿ ಒಂದೊಂದನ್ನೂ ಬರೆದುಕೊಂಡು, ಊರಿಗೆ ಹೋದಾಗ ಅಜ್ಜ ಅಜ್ಜಿಗೆ ತೋರಿಸಿ ಸರಿಯೋ ತಪ್ಪೋ ಕೇಳಿ.

ಗದಗದ ಕಡೆಯವರಾದರೆ ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪ ಗುಡಿಗೆ ಹೋಗಿ. ಗರ್ಭಗುಡಿಯ ತಳವಿನ್ಯಾಸ 24 ಮೂಲೆಯ ನಕ್ಷತ್ರ. ಹೊರಗೋಡೆಯನ್ನು ಮುಟ್ಟುತ್ತ ಒಂದು ಸುತ್ತು ಬನ್ನಿ, ಮೂಲೆ ಎಣಿಸಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೆರಳು ಎಲ್ಲೆಲ್ಲಿ ಬೀಳುತ್ತದೆಂದು ಗೆರೆ ಎಳೆದುಕೊಳ್ಳಿ. ಎರಡೂ ಜಾಗದ ಟಿಪ್ಪಣಿ ಸಿದ್ಧವಾದವರು ಓದುಗುಂಪಿಗೆ ತನ್ನಿ, ಕೋಟೆಯ ಅಳತೆಗಳ ಪಕ್ಕದಲ್ಲಿಟ್ಟು ಒಟ್ಟಿಗೆ ಓದೋಣ.