ಹನ್ನೆರಡನೇ ವಾರಕ್ಕೆ ಏನು ಬರೆಯುತ್ತೀರಿ?

ಪುರವಣಿ ವಿಭಾಗಕ್ಕೆ ಬರುವ ಮೇಲ್‌ಗಳಲ್ಲಿ ಒಂದು ಬಗೆ ಇದೆ. ಒಂದೇ ಒಂದು ಲೇಖನ, ಜೊತೆಗೆ ‘ನನಗೊಂದು ಅಂಕಣ ಕೊಡಿ’ ಎಂಬ ಕೋರಿಕೆ. ಲೇಖನ ಚೆನ್ನಾಗಿಯೇ ಇರುತ್ತದೆ, ಬಿಡಿ ಬರಹವಾಗಿ ಅಚ್ಚಾದರೂ ಆಗುತ್ತದೆ. ಅಂಕಣ ಮಾತ್ರ ಸಿಗುವುದಿಲ್ಲ. ಸಂಪಾದಕರ ತಲೆಯಲ್ಲಿರುವ ಪ್ರಶ್ನೆಯೇ ಬೇರೆ: ಇವರು ಹನ್ನೆರಡನೇ ವಾರ ಏನು ಬರೆಯುತ್ತಾರೆ? ಹೆಸರು, ಫೋಟೊ ಹಾಕಿ ಕಾಯ್ದಿಟ್ಟ ಜಾಗ ಬುಧವಾರ ಖಾಲಿ ಬಿದ್ದರೆ ತುಂಬಿಸುವ ಪಾಡು ಉಪಸಂಪಾದಕರದು, ಅದೂ ಪುಟ ಬಿಡುವ ಹೊತ್ತಿನಲ್ಲಿ.

ಹಾಗಾಗಿ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಹಾಳೆಯ ಮೇಲೆ 1ರಿಂದ 15ರವರೆಗೆ ಅಂಕಿ ಹಾಕಿ, ಪ್ರತಿಯೊಂದರ ಎದುರು ಒಂದು ಸಾಲಿನಲ್ಲಿ ವಿಷಯ ಬರೆಯಿರಿ. ‘ಆರೋಗ್ಯ’, ‘ಶಿಕ್ಷಣ’ ಎಂದರೆ ಲೆಕ್ಕಕ್ಕಿಲ್ಲ. ‘ಸಕ್ಕರೆ ಕಾಯಿಲೆಯವರು ಚಪ್ಪಲಿ ಕೊಳ್ಳುವಾಗ ಏನು ನೋಡಬೇಕು’ ಎಂದರೆ ಅದು ವಿಷಯ. ಏಳಕ್ಕೇ ಕೈ ನಿಂತರೆ ನಿಮ್ಮಲ್ಲಿರುವುದು ಅಂಕಣವಲ್ಲ, ಲೇಖನಮಾಲೆ. ಹಾಗೆಂದೇ ಹೇಳಿ ನಾಲ್ಕು ಕಂತು ಕೇಳಿ. ಎಷ್ಟೋ ಸಲ ಅದೇ ಬೇಗ ಸಿಗುತ್ತದೆ. ಹದಿನೈದೂ ತುಂಬಿತೇ? ಆ ಪಟ್ಟಿ, ಪೂರ್ತಿ ಬರೆದ ಮೂರು ಬರಹ, ನಿಮ್ಮ ಕಸುಬು ಮತ್ತು ಊರು ತಿಳಿಸುವ ನಾಲ್ಕು ಸಾಲು, ಇಷ್ಟನ್ನು ಒಟ್ಟಿಗೆ ಕಳಿಸಿ. ಏಕಕಾಲಕ್ಕೆ ಎರಡು ಪತ್ರಿಕೆಗೆ ಬೇಡ. ಮೂರು ವಾರ ಉತ್ತರ ಬರದಿದ್ದರೆ ಒಂದು ಸಾಲಿನ ನೆನಪೋಲೆ ಹಾಕಿ, ಇನ್ನೊಂದು ವಾರ ನೋಡಿ, ಬೇರೆ ಕಡೆ ಹೋಗಬಹುದು.

ಹೆಸರೇ ಕೇಳದವರಿಗೆ ರಾಜ್ಯಮಟ್ಟದ ಪತ್ರಿಕೆ ನೇರವಾಗಿ ಅಂಕಣ ಕೊಡುವುದು ಅಪರೂಪ. ವಾಚಕರ ಪತ್ರ, ಆಮೇಲೆ ‘ಪ್ರಜಾವಾಣಿ’ಯ ‘ಸಂಗತ’ದಂತೆ ಹೊರಗಿನವರಿಗೆ ಬಿಟ್ಟ ಜಾಗ, ಇವೇ ಮೆಟ್ಟಿಲು. ಮೈಸೂರಿನ ‘ಆಂದೋಲನ’, ದಾವಣಗೆರೆಯ ‘ಜನತಾವಾಣಿ’ಯಂಥ ಊರ ಪತ್ರಿಕೆಗಳನ್ನು ಹಗುರವಾಗಿ ಕಾಣಬೇಡಿ. ಅಲ್ಲಿ ಬರೆದದ್ದು ತಪ್ಪಾದರೆ ಮರುದಿನ ಬಸ್‌ಸ್ಟ್ಯಾಂಡಿನಲ್ಲೇ ಹಿಡಿದು ಕೇಳುತ್ತಾರೆ. ಅದಕ್ಕಿಂತ ಒಳ್ಳೆಯ ತರಬೇತಿ ಇಲ್ಲ.

ಇನ್ನು ಅಳತೆ. ಹೆಚ್ಚಿನವರು ಸೋಲುವುದು ಇಲ್ಲೇ. ‘ಅಂಕಣ’ ಮೂಲತಃ ಕಂಬ ಕಂಬಗಳ ನಡುವಿನ ಜಾಗದ ಹೆಸರು. ಮೂರಂಕಣದ ಮನೆ ಎಂದರೆ ಹಳ್ಳಿಯವರಿಗೆ ಈಗಲೂ ಮನೆಯ ಗಾತ್ರ ಕಣ್ಣಿಗೆ ಕಟ್ಟುತ್ತದೆ. ಪತ್ರಿಕೆಯಲ್ಲೂ ಅಷ್ಟೇ, ಕಂಬ ಸರಿಸಲು ಬರುವುದಿಲ್ಲ. ವಾರದ ಅಂಕಣ ಸಾಮಾನ್ಯವಾಗಿ 450ರಿಂದ 600 ಪದ, ಸಂಪಾದಕೀಯ ಪುಟದ್ದು 800ರ ಆಸುಪಾಸು. ಆದರೆ ಕನ್ನಡದಲ್ಲಿ ಪದದ ಲೆಕ್ಕ ಕೈಕೊಡುತ್ತದೆ. ‘ಹೋಗಬೇಕಾಗಿರಲಿಲ್ಲವೆಂಬುದನ್ನು’ ಒಂದೇ ಪದ, ‘ಆಗ’ವೂ ಒಂದೇ ಪದ. ಅದಕ್ಕೆ ಆ ಜಾಗದಲ್ಲಿ ಈಗಾಗಲೇ ಅಚ್ಚಾದ ಒಂದು ಕಂತನ್ನು ಟೈಪ್ ಮಾಡಿ ಅಕ್ಷರ ಎಣಿಸಿಟ್ಟುಕೊಳ್ಳಿ, ನಿಮ್ಮದು ಅದರ ಆಚೀಚೆ ಶೇ 3ರೊಳಗೆ ನಿಲ್ಲಲಿ. ಅರವತ್ತು ಪದ ಹೆಚ್ಚಾದರೆ ಅವಸರದ ಕತ್ತರಿ ಬೀಳುವುದು ಕೊನೆಯ ಪ್ಯಾರಾದ ಮೇಲೆ. ಮುಖ್ಯ ಮಾತನ್ನು ಕೊನೆಗೆಂದು ಉಳಿಸಿಕೊಂಡವರ ಬರಹ ಅಲ್ಲಿಗೆ ರುಂಡವಿಲ್ಲದ ಮುಂಡ.

ಜಾಗ ಹಾಳಾಗುವುದು ಹೆಚ್ಚಾಗಿ ಆರಂಭದಲ್ಲಿ. ವಕೀಲರೊಬ್ಬರು ಫೌತಿ ಖಾತೆಯ ಬಗ್ಗೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಬಗ್ಗೆ, ಬರೆಯುತ್ತಾರೆ ಎನ್ನಿ. ‘ಕೃಷಿ ಪ್ರಧಾನವಾದ ನಮ್ಮ ದೇಶದಲ್ಲಿ ಭೂಮಿಗೆ ತಾಯಿಯ ಸ್ಥಾನವಿದೆ. ಇಂದಿನ ದಿನಮಾನಗಳಲ್ಲಿ ಭೂದಾಖಲೆಗಳ ಮಹತ್ವವನ್ನು ಪ್ರತಿಯೊಬ್ಬರೂ ಅರಿಯುವುದು ಅತ್ಯಗತ್ಯವಾಗಿದೆ.’ ಎರಡು ವಾಕ್ಯ ಮುಗಿಯಿತು, ಖಾತೆಯ ಸುದ್ದಿಯೇ ಇಲ್ಲ. ಅದನ್ನೇ ಹೀಗೆ ಶುರು ಮಾಡಬಹುದು: ‘ಅಪ್ಪ ತೀರಿಕೊಂಡು ಹತ್ತು ವರ್ಷ. ಪಹಣಿಯ 9ನೇ ಕಾಲಂನಲ್ಲಿ ಇನ್ನೂ ಅವರದೇ ಹೆಸರು. ಬೆಳೆಸಾಲಕ್ಕೆಂದು ಸೊಸೈಟಿ ಮೆಟ್ಟಿಲು ಹತ್ತಿದ ದಿನವೇ ಇದು ಕಣ್ಣಿಗೆ ಬೀಳುವುದು.’ ಮುಂದಿನ ಪ್ಯಾರಾ ನೇರ ನಾಡಕಚೇರಿಗೆ, ಮರಣ ಪ್ರಮಾಣಪತ್ರಕ್ಕೆ, ವಂಶವೃಕ್ಷಕ್ಕೆ. ತಾಯಿಯ ಸ್ಥಾನದ ಮಾತು ಯಾರಿಗೂ ನೆನಪಾಗುವುದಿಲ್ಲ.

ವೈದ್ಯರು, ವಕೀಲರು, ಆಪ್ತಸಮಾಲೋಚಕರು ತಮ್ಮ ಬಳಿ ಬಂದವರ ಕಥೆ ಬರೆಯುವಾಗ ‘ಹೆಸರು ಬದಲಿಸಿದೆ’ ಎಂದರೆ ಸಾಲದು. ತಾಲ್ಲೂಕು ಕೇಂದ್ರದಲ್ಲಿ ಕಸುಬು, ಓಣಿ, ಎಷ್ಟು ಮಕ್ಕಳು ಎಂಬುದಿಷ್ಟರಿಂದಲೇ ಯಾರೆಂದು ಗುರುತು ಹಿಡಿಯುತ್ತಾರೆ. ಕನಿಷ್ಠ ಮೂರು ವಿವರ ಬದಲಿಸಿ, ಇಲ್ಲವೇ ಬಿಟ್ಟುಬಿಡಿ. ಮಾನಹಾನಿಯ ವಿಷಯದಲ್ಲಿ ‘ಇವು ಲೇಖಕರ ಅಭಿಪ್ರಾಯ’ ಎಂಬ ಅಡಿಟಿಪ್ಪಣಿ ನಿಮಗೆ ಕೊಡೆ ಹಿಡಿಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಬರೆದವರಿಗೂ ಅನ್ವಯಿಸುತ್ತದೆ.

ಪುರವಣಿಯ ಪುಟ ಓದುಗರ ಕೈ ಸೇರುವುದಕ್ಕೆ ಕೆಲವು ದಿನ ಮೊದಲೇ ಸಿದ್ಧವಾಗಿರುತ್ತದೆ. ‘ನಿನ್ನೆ ಸುರಿದ ಮಳೆ’ ಎಂದು ಬರೆದರೆ ಓದುವ ದಿನ ಸುಡುಬಿಸಿಲಿರಬಹುದು. ತಾರೀಖನ್ನೇ ಬರೆಯಿರಿ. ತಂಗಳಾಗದ ಎರಡು ಬರಹ ಸದಾ ಕೈಯಲ್ಲಿರಲಿ. ಜ್ವರ, ಮದುವೆ, ಸಾವು ಗಡುವು ನೋಡಿ ಬರುವುದಿಲ್ಲ.

ಕಳಿಸುವುದು ಯೂನಿಕೋಡ್ ಕಡತ, ಜೊತೆಗೆ ಪಿಡಿಎಫ್. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಪರಿವರ್ತಿಸುವಾಗ ಅರ್ಕಾವತ್ತು ಕೆಡುತ್ತದೆ, ನಡುವೆ ಇಂಗ್ಲಿಷ್ ಅಕ್ಷರವಿದ್ದರೆ ಅದು ಕನ್ನಡದ ಕಗ್ಗವಾಗುತ್ತದೆ. ಪಿಡಿಎಫ್ ಇದ್ದರೆ ತಾಳೆ ನೋಡಬಹುದು. ಕೈಬರಹದ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಟೈಪ್ ಮಾಡುವವರು ಯಾರು?

ದುಡ್ಡಿನ ಮಾತು ಮೊದಲ ಕಂತಿಗೆ ಮುಂಚೆಯೇ ಆಗಲಿ, ಮೇಲ್‌ನಲ್ಲೇ ಆಗಲಿ. ಕಂತಿಗೆ ಎಷ್ಟು, ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೋ, ಜಾಲತಾಣದಲ್ಲಿ ಹಾಕಿದರೆ ಬೇರೆ ಕೊಡುತ್ತಾರೋ ಇಲ್ಲವೋ ಎಂದು ಕೇಳಿ. ಪ್ಯಾನ್ ನಂಬರ್, ಬ್ಯಾಂಕ್ ವಿವರ ಕೊಡದ ಕಾರಣಕ್ಕೇ ನಿಂತುಹೋದ ಸಂಭಾವನೆಗಳು ಬಹಳ. ಬರೀ ಅಂಕಣದಿಂದ ಮನೆ ನಡೆಯುವುದಿಲ್ಲ. ಪಾಠ, ವಕೀಲಿಕೆ, ತೋಟ ಏನಾದರೊಂದು ಇದ್ದೇ ಇರಬೇಕು. ಬರೆಯಲು ವಸ್ತು ಸಿಗುವುದೂ ಅಲ್ಲಿಂದಲೇ. ಪತ್ರಿಕೆಯ ಸಂಬಳದ ನೌಕರರಲ್ಲದಿದ್ದರೆ ಬರಹದ ಹಕ್ಕು ಮೊದಲಿಗೆ ನಿಮ್ಮದೇ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕು ವರ್ಗಾವಣೆ ಬರಹದಲ್ಲೇ ಆಗಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ. ಒಪ್ಪಂದದ ಹಾಳೆ ಬಂದರೆ ಆ ಸಾಲನ್ನು ಹುಡುಕಿ ಓದಿ.

ಅಂಕಣ ಒಂದು ದಿನ ನಿಲ್ಲುತ್ತದೆ. ಸಂಪಾದಕರು ಬದಲಾದಾಗ, ಪುಟವಿನ್ಯಾಸ ಬದಲಾದಾಗ, ಒಮ್ಮೊಮ್ಮೆ ಒಂದು ಫೋನೂ ಇಲ್ಲದೆ. ಆಮೇಲೆ ಪುಸ್ತಕ ಮಾಡುವ ಆಸೆ ಬಂದೇ ಬರುತ್ತದೆ. ಹಾ.ಮಾ. ನಾಯಕರಿಗೆ 1989ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ಸಂಪ್ರತಿ’ ಅಂಕಣ ಬರಹಗಳ ಸಂಕಲನವೇ. ಆಗ ಕತ್ತರಿಸಿಟ್ಟ ಪೇಪರು ಹಳದಿಯಾಗಿರುತ್ತದೆ, ಮೇಲ್‌ನಲ್ಲಿರುವುದು ತಿದ್ದುವ ಮೊದಲಿನ ಪ್ರತಿ. ಆದ್ದರಿಂದ ಪ್ರತಿ ಕಂತು ಅಚ್ಚಾದ ದಿನವೇ ಉಪಸಂಪಾದಕರು ಮಾಡಿದ ಒಳ್ಳೆಯ ತಿದ್ದುಪಡಿಯನ್ನು ನಿಮ್ಮ ಕಡತಕ್ಕೆ ಹಾಕಿ, ಕತ್ತರಿಸಿದ ಪ್ಯಾರಾವನ್ನೂ ಉಳಿಸಿ, ತಾರೀಖು ಮೊದಲು ಬರುವಂತೆ ಹೆಸರಿಟ್ಟುಬಿಡಿ: 2025-06-18-ಫೌತಿಖಾತೆ.