ಐಕಿಡೊ ನಿಜವಾಗ್ಲೂ ಕೆಲಸ ಮಾಡ್ಬೇಕಾ? ಕತ್ತಿಯ ಲೆಕ್ಕ ಕಲೀರಿ

ಜಪಾನಿನ ಸಮರಕಲೆ ಐಕಿಡೊ ಕ್ಲಾಸಲ್ಲಿ ಬೊಕ್ಕೆನ್, ಅಂದ್ರೆ ಮರದ ಕತ್ತಿ, ಕೈಗೆ ಬಂತು ಅಂದ್ರೆ ತುಂಬಾ ಜನ ಅದನ್ನ ಬೇರೆ ಸಬ್ಜೆಕ್ಟ್ ಅನ್ನೋ ಥರ ನೋಡ್ತಾರೆ. ಸ್ವಲ್ಪ ಹೊತ್ತು ಬೀಸೋದು, ಆಮೇಲೆ ಮೂಲೆಗೆ ಒರಗಿಸಿ ಬರಿಗೈ ಟೆಕ್ನಿಕ್‌ಗೆ ವಾಪಸ್ ಬರೋದು, ಆ ಎರಡಕ್ಕೂ ಸಂಬಂಧಾನೇ ಇಲ್ಲ ಅನ್ನೋ ಹಾಗೆ. ಐಕಿಡೊ ನಿಜವಾದ ಏಟಿನ ಮುಂದೆ ನಿಲ್ಬೇಕು ಅಂದ್ರೆ ಮೊದ್ಲು ಸರಿ ಮಾಡ್ಕೋಬೇಕಾಗಿರೋದು ಇದನ್ನೇ ಅಂತ ನಂಗೆ ಗಟ್ಟಿಯಾಗಿ ಅನ್ಸತ್ತೆ. ದೂರ ಎಷ್ಟಿದೆ, ಯಾವಾಗ ಅಲುಗಾಡ್ಬೇಕು, ಬಲ ಭುಜದಿಂದ ಬರ್ತಿದ್ಯಾ ಸೊಂಟದಿಂದ ಬರ್ತಿದ್ಯಾ, ಈ ಮೂರನ್ನೂ ಕತ್ತಿ ತೋರಿಸಿಕೊಡೋಷ್ಟು ಚೆನ್ನಾಗಿ ಬೇರೆ ಯಾವ್ದೂ ತೋರಿಸಲ್ಲ.

ಈ ಸಂಬಂಧ ಶುರುವಿಂದಾನೂ ಇದೆ. ಐಕಿಡೊ ಹುಟ್ಟುಹಾಕಿದ ಮೊರಿಹೇಯಿ ಉಯೆಶಿಬಾ (1883–1969) 1915ರಲ್ಲಿ ಹೊಕ್ಕೈಡೊದಲ್ಲಿ ಸೊಕಾಕು ತಕೆಡಾ ಹತ್ರ ದೈತೊ-ರ್ಯು ಅನ್ನೋ ಬರಿಗೈ ಕಾದಾಟದ ಪದ್ಧತಿ ಕಲಿಯೋಕೆ ಶುರು ಮಾಡಿದ್ರು, ಆ ತಕೆಡಾ ಕತ್ತಿವರಸೆಯಲ್ಲಿ ಪಳಗಿದ ಮನುಷ್ಯ. 1942ರಲ್ಲಿ ಉಯೆಶಿಬಾ ಟೋಕಿಯೊ ಬಿಟ್ಟು ಇವಾಮಾಗೆ ಹೋಗಿ ಅಲ್ಲಿ ಕತ್ತಿ, ಕೋಲು, ಬರಿಗೈ ಮೂರನ್ನೂ ಒಟ್ಟೊಟ್ಟಿಗೆ ತಿದ್ದಿದ್ರು, ಮುಂದೆ ಅವರ ಶಿಷ್ಯ ಮೊರಿಹಿರೊ ಸೈತೊ ಆ ಕತ್ತಿ ಪಾಠಾನ ಒಬ್ಬರೇ ಮಾಡೋ 7 ಸುಬುರಿ, ಜೋಡಿಯಾಗಿ ಮಾಡೋ 5 ಕುಮಿತಾಚಿ ಅಂತ ಕ್ರಮವಾಗಿ ಕಲಿಸಿದ್ರು. "ಯಾರಪ್ಪಾ ಬಂದು ಸುಮ್ನೆ ಮಣಿಕಟ್ಟು ಹಿಡ್ಕೊಂಡು ನಿಲ್ತಾರೆ" ಅಂತ ಐಕಿಡೊ ಪ್ರಾಕ್ಟೀಸ್ ನೋಡಿದ ಹೊರಗಿನವರು ಕೇಳೋ ಪ್ರಶ್ನೆಗೂ ಉತ್ತರ ಇಲ್ಲೇ ಇದೆ, ಹಿಡಿಸ್ಕೊಂಡ ಆ ಕೈಯಲ್ಲಿ ಆಯುಧ ಇದೆ ಅಥವಾ ಈಗ ಸೊಂಟದಿಂದ ಆಯುಧ ಎಳೆಯೋಕೆ ಹೊರಟಿದೆ ಅಂದ್ಕೊಳ್ಳಿ, ಹಿಡಿಯದೇ ಬೇರೆ ದಾರೀನೇ ಇರಲ್ಲ.

ಈಗ ದೂರದ ವಿಷಯ. ಜಪಾನಿನವರು ಇದನ್ನ ಮಾಆಯಿ ಅಂತಾರೆ. ಕಣ್ಣಿಗೆ ಏನೋ ಕಂಡು ಮೈ ಅಲುಗೋಕೆ ಶುರುವಾಗೋಕೆ ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು, ಅದೂ ಏನು ಬರತ್ತೆ ಅಂತ ಮೊದ್ಲೇ ಗೊತ್ತಿದ್ರೆ. ಎದುರಿನವನ ಮುಷ್ಟಿ ನಿಮ್ಮ ಮುಖದಿಂದ 60 ಸೆಂಟಿಮೀಟರ್ ದೂರದಲ್ಲಿದೆ, ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬಂತು ಅಂತ ಲೆಕ್ಕ ಹಾಕಿ, 0.1 ಸೆಕೆಂಡಲ್ಲಿ ಮುಖಕ್ಕೆ ಬಿದ್ದಿರತ್ತೆ. ಅಂದ್ರೆ ಆ ದೂರದಲ್ಲಿ ನಿಂತು ನೋಡಿ ತಪ್ಪಿಸ್ಕೋತೀನಿ ಅನ್ನೋದು ಆಗದ ಮಾತು, ಎಷ್ಟು ವರ್ಷ ಪ್ರಾಕ್ಟೀಸ್ ಮಾಡಿದ್ರೂ ಅಷ್ಟೇ. ಕತ್ತಿ ಹಿಡಿದ ಇಬ್ಬರು ತುದಿಗೆ ತುದಿ ತಾಗೋ ಹಾಗೆ ನಿಂತಾಗ ಯಾರೇ ಹೊಡೀಬೇಕಂದ್ರೂ ಒಂದು ಹೆಜ್ಜೆ ಇಡ್ಲೇಬೇಕು, ಹೆಜ್ಜೆ ಇಡೋಕೆ ಮೈ ಭಾರ ಮುಂದಕ್ಕೆ ಬರ್ಲೇಬೇಕು, ಅದು ಕಾಣತ್ತೆ. ನಮಗೆ ಬೇಕಾದ ಟೈಮ್ ಸಿಗೋದು ಆ ಹೆಜ್ಜೆಯಿಂದ.

ಇನ್ನೂ ಮುಖ್ಯ ವಿಷಯ ಏನಂದ್ರೆ ಆ 0.2 ಸೆಕೆಂಡ್ ಹೊಡೆಯೋನಿಗೂ ಅನ್ವಯ ಆಗತ್ತೆ. ನೀವು ಬೇಗ ಪಕ್ಕಕ್ಕೆ ಸರಿದ್ರೆ ಅವನು ನೋಡಿ ಕತ್ತಿಯ ದಾರಿ ಬದಲಾಯಿಸ್ತಾನೆ, ಲೇಟಾಗಿ ಸರಿದ್ರೆ ತಲೆ ಮೇಲೆ ಏಟು, ಆದ್ರೆ ಅವನ ಭಾರ ಪೂರ್ತಿ ಮುಂದೆ ಬಂದು ಏಟು ಇಳಿಯೋಕೆ ಶುರುವಾದ ಮೇಲೆ ನೀವು ಸರಿದ್ರೆ, ಅದನ್ನ ನೋಡಿ ತಿದ್ಕೊಳ್ಳೋಕೆ ಅವನ ಹತ್ರ ಟೈಮೇ ಉಳಿದಿರಲ್ಲ. ಬೇಕಾಗೋದು ಭುಜದ ಅಗಲದ ಅರ್ಧದಷ್ಟು ಜಾಗ, ಅಷ್ಟೇ. ಇರಿಮಿ ಅಂತ ಕರೆಯೋ ಮುನ್ನುಗ್ಗೋ ಹೆಜ್ಜೆ ಕೆಲಸ ಮಾಡೋದು ಈ ಸಣ್ಣ ಕಿಟಕಿಯಲ್ಲಿ. ಬರಿಗೈಯಲ್ಲಿ ಪ್ರಾಕ್ಟೀಸ್ ಮಾಡುವಾಗ ಈ ತಪ್ಪು ಮುಚ್ಚಿಹೋಗತ್ತೆ, ಯಾಕಂದ್ರೆ ಪಾರ್ಟ್ನರ್ ಗಾಳಿಗೆ ಹೊಡೆದು ಕೈ ಅಲ್ಲೇ ಬಿಟ್ಟು ಕಾಯ್ತಾರೆ. ಅದಕ್ಕೇ ನಿಮ್ಮ ಪಾರ್ಟ್ನರ್‌ಗೆ ಹೇಳಿ, ಮೆತ್ತನೆ ಕತ್ತಿ ಹಿಡ್ಕೊಂಡು ನಾನು ಸರಿದ ಕಡೆಗೇ ಹೊಡಿ, ನಾನು ಅಲುಗದಿದ್ರೆ ತಲೆಗೆ ಬೀಳ್ಲಿ ಅಂತ. ಈ ಒಂದು ಬದಲಾವಣೆ ಸಾಕು, ಯಾರು ಬೇಗ ಓಡ್ತಿದ್ದಾರೆ ಅಂತ ತಕ್ಷಣ ಗೊತ್ತಾಗತ್ತೆ.

ಬಲದ ವಿಷಯಕ್ಕೆ ಶಿಹೊನಾಗೆ ಅನ್ನೋ ಎಸೆತದ ಟೆಕ್ನಿಕ್ ನೋಡಿ. ನೀವು ಹಿಡಿದ ಎದುರಿನವನ ಕೈಯನ್ನ ನಿಮ್ಮ ಹಣೆ ಮುಂದೆ ತಂದು, ಕೆಳಗಿಂದ ತಿರುಗಿ, ಕತ್ತಿ ಇಳಿಸೋ ಹಾಗೆ ಇಳಿಸ್ಬೇಕು. ತಿರುಗುವಾಗ ಆ ಕೈ ನಿಮ್ಮ ಭುಜದ ಆಚೆಗೆ ಜಾರಿತು ಅಂದ್ರೆ ಅಲ್ಲಿಗೆ ಮುಗೀತು, ನಿಮ್ಮ ಮೊಣಕೈ ಅಗಲ ಆಗತ್ತೆ, ಭುಜ ಮೇಲೇಳತ್ತೆ, ಅವನು ಸುಮ್ನೆ ಮೊಣಕೈ ಮಡಚ್ಕೊಂಡು ನಿಮ್ಮನ್ನೇ ಹಿಂದಕ್ಕೆ ಎಳೀತಾನೆ. ಕಾರಣ ಸಿಂಪಲ್, ತಿರುಗೋ ಅಕ್ಷದಿಂದ ಭಾರ ಎರಡು ಪಟ್ಟು ದೂರ ಹೋದ್ರೆ ಅದನ್ನ ತಿರುಗಿಸೋಕೆ ನಾಲ್ಕು ಪಟ್ಟು ಕಷ್ಟ. ಬೊಕ್ಕೆನ್ ಸುಮಾರು 1 ಮೀಟರ್ ಉದ್ದ, ಅರ್ಧ ಕಿಲೋ ಆಸುಪಾಸು ತೂಕ, ಅದನ್ನ ಬರೀ ತೋಳಿಂದ ಬೀಸಿದ್ರೆ ತುದಿ ಹೊಟ್ಟೆ ಎತ್ತರದಲ್ಲಿ ನಿಲ್ಲದೆ ನಡುಗತ್ತೆ. ಎಡಗೈ ಕಿರುಬೆರಳು ಬಿಗಿ ಹಿಡಿದು ಸೊಂಟ ಇಳಿಸಿದ್ರೆ ಅಲುಗದೆ ನಿಲ್ಲತ್ತೆ. ಶಿಹೊನಾಗೆಗೂ ಅದೇ ಕೈ, ಅದೇ ಸೊಂಟ.

ಆದ್ರೆ ಕತ್ತಿಯ ಎಲ್ಲಾ ಪಾಠಾನೂ ಬರಿಗೈಗೆ ಹಾಗೇ ತರೋಕಾಗಲ್ಲ, ಇದನ್ನ ಹೇಳ್ದೇ ಇರೋ ಟೀಚರ್ಸ್ ಬಗ್ಗೆ ನಂಗೆ ಬೇಜಾರಿದೆ. ಹರಿತವಾದ ಅಂಚು ತಾಗಿದ್ರೆ ಸಾಕು, ಎದುರಿನವನು ಗಾಯಗೊಳ್ತಾನೆ. ಅಂಗೈ ಪಕ್ಕ ತಾಗಿದ್ರೆ ಏನೂ ಆಗಲ್ಲ, ನಿಮ್ಮ ಮೈ ಭಾರ ಅವನ ಬ್ಯಾಲೆನ್ಸ್ ಮೇಲೆ ಬೀಳ್ಬೇಕು. ಚಾಕು ಇನ್ನೂ ಬೇರೆ ಕಥೆ, ಹಗುರ ಇರೋದ್ರಿಂದ ಹೋದಷ್ಟೇ ಬೇಗ ವಾಪಸ್ ಬರತ್ತೆ, ಒಂದಾದ ಮೇಲೆ ಒಂದು ಚುಚ್ತಾರೆ, ಒಂದೇ ಏಟಿಗೆ ಭಾರ ಪೂರ್ತಿ ಹಾಕಿ ಸಿಕ್ಕಿಬೀಳಲ್ಲ. ಮೈಗೆ ಮೈ ಅಂಟಿದ ಮೇಲಂತೂ ಕತ್ತಿಯ ದೂರ ಅನ್ನೋದೇ ಇರಲ್ಲ.

ಈ ಕಷ್ಟಾನ ನೇರವಾಗಿ ಎದುರಿಸಿದವರು ಉಯೆಶಿಬಾ ಶಿಷ್ಯ ಕೆಂಜಿ ತೊಮಿಕಿ (1900–1979), ಅವರ ಪದ್ಧತಿಯ ರಂದೊರಿಯಲ್ಲಿ, ಅಂದ್ರೆ ಮೊದ್ಲೇ ಗೊತ್ತುಮಾಡದ ಪ್ರಾಕ್ಟೀಸಲ್ಲಿ, ಒಬ್ಬರು ಮೆತ್ತನೆ ಚಾಕು ಹಿಡ್ಕೊಂಡು ನಿಜವಾಗ್ಲೂ ಚುಚ್ಚೋಕೆ ನೋಡ್ತಾರೆ, ಇನ್ನೊಬ್ರು ಟೆಕ್ನಿಕ್ ಹಾಕೋಕೆ ನೋಡ್ತಾರೆ, ಯಾರೂ ಬಿಟ್ಟುಕೊಡಲ್ಲ. ಯಾವ ಶೈಲಿಯವರಾದ್ರೂ ಇದನ್ನ ಮೆಲ್ಲಗೆ ಕಟ್ಕೋಬಹುದು. ಮೊದ್ಲು ಗೊತ್ತಿರೋ ಒಂದೇ ಏಟು ಪೂರ್ತಿ ವೇಗದಲ್ಲಿ, ಅದು ಕೂತ ಮೇಲೆ ಎರಡರಲ್ಲಿ ಯಾವ್ದಾದ್ರೂ, ಆಮೇಲೆ ಮೂರು. ಆಯ್ಕೆ ಜಾಸ್ತಿ ಆದಷ್ಟೂ ರಿಯಾಕ್ಷನ್ ಟೈಮ್ ಉದ್ದ ಆಗತ್ತೆ ಅಂತ ಮನಶ್ಶಾಸ್ತ್ರಜ್ಞ ವಿಲಿಯಂ ಹಿಕ್ 1952ರಲ್ಲೇ ತೋರಿಸಿದ್ರು, ಹಾಗಾಗಿ ಮೂರನೇ ಹಂತಕ್ಕೆ ಬಂದಾಗ ನೀವು ಮೊದಲಿಗಿಂತ ಸ್ವಲ್ಪ ಹಿಂದೆ ನಿಲ್ಬೇಕಾಗತ್ತೆ, ಎಷ್ಟು ಹಿಂದೆ ಅನ್ನೋದನ್ನ ಪಾರ್ಟ್ನರ್ ಕೈಲಿರೋ ಮೆತ್ತನೆ ಕತ್ತಿ ಹೇಳತ್ತೆ.