ಒಂದು ಮನೆಯಲ್ಲಿ ಎಷ್ಟು ಯುನಿಟ್? ಸ್ಟ್ಯಾಕಿಂಗ್ ನಿಯಮ ನಡೆದುಬಂದ ದಾರಿ

ಶತ್ರುನಗರದ ಪಕ್ಕದ ಒಂದೇ ಮನೆಯಲ್ಲಿ (ನಕ್ಷೆಯ ಒಂದು ಚೌಕದಲ್ಲಿ) ಮೂವತ್ತು ಯುನಿಟ್ (ಸೇನಾ ತುಕಡಿಯಂಥ ಕಾಯಿ) ನಿಲ್ಲಬಹುದೇ, ಒಂದೇ ನಿಲ್ಲಬೇಕೇ? ಟರ್ನ್-ಬೇಸ್ಡ್ (ಸರದಿಯಂತೆ ಆಡುವ) ಸ್ಟ್ರಾಟಜಿ ಗೇಮ್ ಆಡುವವರನ್ನು 2010ರಿಂದ ಈಚೆಗೆ ಇಷ್ಟು ಕಾವೇರಿಸಿದ ಪ್ರಶ್ನೆ ಕಡಿಮೆ. ಹೀಗೆ ಒಂದೇ ಮನೆಯಲ್ಲಿ ಯುನಿಟ್ ಪೇರಿಸುವುದೇ ಸ್ಟ್ಯಾಕಿಂಗ್, ಆ ರಾಶಿಯೇ ಸ್ಟ್ಯಾಕ್. ಮೇಲ್ನೋಟಕ್ಕೆ ಇದು ಕಾದಾಟದ ನಿಯಮ. ಆದರೆ ಈ ಒಂದು ಅಂಕಿ ಬದಲಾದರೆ ಯುನಿಟ್‌ನ ಬೆಲೆ, ನಕ್ಷೆಯ ಅಳತೆ, ಕಂಪ್ಯೂಟರ್ ಎದುರಾಳಿಯ ಜಾಣ್ಮೆ ಎಲ್ಲವೂ ಅಲುಗಾಡುತ್ತವೆ. ಇದುವರೆಗಿನ ಪ್ರತಿ ಪರಿಹಾರವೂ ತೊಡಕನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಟ್ಟಿದೆ.

ನಿಯಮದ ಬೇರು ಬೋರ್ಡ್ ವಾರ್‌ಗೇಮ್‌ಗಳಲ್ಲಿದೆ. ಅಲ್ಲಿ ರಟ್ಟಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ರಾಶಿ ಎತ್ತರವಾದಷ್ಟೂ ಬೀಳುತ್ತದೆ, ಅಡಿಯ ಬಿಲ್ಲೆ ಯಾವುದೆಂದು ಪ್ರತಿಸಲ ಎತ್ತಿ ನೋಡಬೇಕಾಗುತ್ತದೆ. ಹಾಗಾಗಿ ಒಂದು ಹೆಕ್ಸ್‌ಗೆ (ಆರು ಬದಿಯ ಮನೆಗೆ) ಇಷ್ಟೇ ಎಂಬ ಮಿತಿ ಸಹಜವಾಗಿಯೇ ಬಂತು. ಕಂಪ್ಯೂಟರಿಗೆ ಆ ಕಷ್ಟವಿಲ್ಲ.

1991ರ ‘ಸಿವಿಲೈಜೇಶನ್’ ಮಿತಿಯನ್ನೇ ತೆಗೆದುಹಾಕಿತು. ಬದಲಿಗೆ ಕಠೋರವಾದ ಒಂದು ಶಿಕ್ಷೆ ಇಟ್ಟಿತು: ದಾಳಿಯಾದಾಗ ಮನೆಯಲ್ಲಿರುವ ಅತಿ ಬಲಿಷ್ಠ ಯುನಿಟ್ ಎದುರಿಸುತ್ತದೆ, ಅದು ಸೋತರೆ ಅಲ್ಲಿದ್ದವೆಲ್ಲ ಒಟ್ಟಿಗೆ ಸಾಯುತ್ತವೆ. ನಗರ ಅಥವಾ ಕೋಟೆಯೊಳಗಿದ್ದರೆ ಮಾತ್ರ ವಿನಾಯಿತಿ. ಬಯಲಿನಲ್ಲಿ ಎಂಟು ಯುನಿಟ್ ಒಟ್ಟಿಗೆ ನಿಲ್ಲಿಸಿದವನು ಒಂದು ಕೆಟ್ಟ ಲೆಕ್ಕಕ್ಕೆ ಎಂಟನ್ನೂ ಕಳೆದುಕೊಳ್ಳುತ್ತಿದ್ದ. ಬಲ್ಲವರು ನಗರ, ಕೋಟೆ ಕಟ್ಟುವ ಸೆಟ್ಲರ್ ಒಂದನ್ನು ಜೊತೆಗೆ ಕರೆದೊಯ್ದು, ಶತ್ರುನಗರದ ಪಕ್ಕದಲ್ಲೇ ಕೋಟೆ ಕಟ್ಟಿ, ಅದರೊಳಗೆ ಸೈನ್ಯ ಸೇರಿಸುತ್ತಿದ್ದರು. ಎರಡನೆಯ ಭಾಗದಲ್ಲೂ ಇದೇ ನಿಯಮ ಉಳಿಯಿತು. 1999ರ ‘ಆಲ್ಫಾ ಸೆಂಟಾರಿ’ ಶಿಕ್ಷೆಯನ್ನು ಸಡಿಲಿಸಿತು: ಎದುರಿಸಿದ ಯುನಿಟ್ ಸತ್ತರೆ ಉಳಿದವಕ್ಕೆ ಪೆಟ್ಟು ಬೀಳುತ್ತದೆ, ಸಾವಲ್ಲ.

ಅದೇ ಹೊತ್ತಿಗೆ ಬೇರೆ ಗೇಮ್‌ಗಳು ಬೇರೆ ದಾರಿ ಹಿಡಿದಿದ್ದವು. ‘ಮಾಸ್ಟರ್ ಆಫ್ ಮ್ಯಾಜಿಕ್’ (1994) ಒಂದು ಮನೆಗೆ ಒಂಬತ್ತು ಯುನಿಟ್ ಎಂದು ನಿಗದಿ ಮಾಡಿ, ಕಾದಾಟವನ್ನು ಪ್ರತ್ಯೇಕ ರಣಾಂಗಣದ ಪರದೆಗೆ ಒಯ್ದಿತು. ‘ಏಜ್ ಆಫ್ ವಂಡರ್ಸ್’ (1999) ಹೆಕ್ಸ್‌ಗೆ ಎಂಟರಂತೆ ಕೊಟ್ಟು, ಪಕ್ಕದ ಹೆಕ್ಸ್‌ಗಳಲ್ಲಿರುವ ದಂಡುಗಳೂ ಕಾದಾಟಕ್ಕೆ ಸೇರುವಂತೆ ಮಾಡಿತು. ‘ಕಾಲ್ ಟು ಪವರ್’ (1999) ಕೂಡ ಒಂಬತ್ತಕ್ಕೆ ನಿಂತಿತು. ಅದರ ಕಾದಾಟದಲ್ಲಿ ಬಿಲ್ಲುಗಾರರು ಹಿಂದಿನ ಸಾಲಿನಿಂದ ಹೊಡೆಯುತ್ತಾರೆ.

‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ರಲ್ಲಿ (1999) ಸ್ಟ್ಯಾಕ್ ಅಂದರೆ ಒಂದೇ ಜಾತಿಯ ಜೀವಿಗಳ ಗುಂಪು. ಹೀರೋಗೆ ಅಂಥ ಏಳು ಸ್ಥಾನ. ಗುಂಪಿನಲ್ಲಿ ತಲೆ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು, ಆದರೆ ಗುಂಪು ಎಷ್ಟೇ ದೊಡ್ಡದಿರಲಿ, ಸಾಮಾನ್ಯವಾಗಿ ಒಂದು ಸುತ್ತಿನಲ್ಲಿ ಒಂದೇ ಸಲ ತಿರುಗಿ ಹೊಡೆಯುತ್ತದೆ. ಆದ್ದರಿಂದಲೇ ಹಳೇ ಆಟಗಾರರು ಖಾಲಿ ಸ್ಥಾನದಲ್ಲಿ ಬಡ ಜೀವಿಯೊಂದನ್ನು ಒಂಟಿಯಾಗಿ ಇಟ್ಟಿರುತ್ತಾರೆ. ಅದು ಮೊದಲು ಹೋಗಿ ತಿರುಗೇಟು ತಿಂದು ಸಾಯುತ್ತದೆ. ಆಮೇಲೆ ದೊಡ್ಡ ಗುಂಪು ನಷ್ಟವಿಲ್ಲದೆ ಹೊಡೆಯುತ್ತದೆ.

ಸಿವಿಲೈಜೇಶನ್ ಸರಣಿಯ ಮೂರನೆಯ ಭಾಗ (2001) ಸಾಮೂಹಿಕ ಸಾವನ್ನು ಪೂರ್ತಿ ತೆಗೆದುಬಿಟ್ಟಿತು. ಈಗ ಯುನಿಟ್‌ಗಳನ್ನು ಒಟ್ಟಿಗೆ ಇಡದಿರಲು ಕಾರಣವೇ ಉಳಿಯಲಿಲ್ಲ. ‘ಸ್ಟ್ಯಾಕ್ ಆಫ್ ಡೂಮ್’ (ಸರ್ವನಾಶದ ರಾಶಿ) ಎಂಬ ಹೆಸರು ಆಟಗಾರರ ಬಾಯಲ್ಲಿ ನಿಂತದ್ದು ಈ ಕಾಲದಲ್ಲಿ. ನಾಲ್ಕನೆಯ ಭಾಗ (2005) ಇದಕ್ಕೆ ಮದ್ದು ಕೊಟ್ಟಿತು: ಕಲ್ಲೆಸೆಯುವ ಕ್ಯಾಟಪಲ್ಟ್‌ನಂಥ ಯಂತ್ರ ದಾಳಿ ಮಾಡಿದರೆ ಮನೆಯಲ್ಲಿರುವ ಇತರ ಯುನಿಟ್‌ಗಳಿಗೂ ಏಟು. ಜೊತೆಗೆ, ದಾಳಿ ಮಾಡಿದವನಿಗೆ ತಕ್ಕ ಎದುರಾಳಿಯನ್ನು ಗೇಮ್ ತಾನೇ ಮುಂದೆ ನಿಲ್ಲಿಸುತ್ತದೆ. ಕುದುರೆ ಬಂದರೆ ಅದರ ಮೇಲೆ 100% ಹೆಚ್ಚುವರಿ ಬಲವಿರುವ ಸ್ಪಿಯರ್‌ಮನ್, ಕತ್ತಿಯವರು ಬಂದರೆ 50% ಹೆಚ್ಚುವರಿಯ ಆ್ಯಕ್ಸ್‌ಮನ್. ಹಾಗಾಗಿ ಒಂದೇ ಬಗೆಯ ಹತ್ತು ಯುನಿಟ್‌ಗಿಂತ ಬೆರಕೆ ದಂಡೇ ಮೇಲು. ನಗರ ಹಿಡಿಯುವ ಕ್ರಮವೂ ಗಟ್ಟಿಯಾಯಿತು: ಮೊದಲು ಯಂತ್ರಗಳಿಂದ ನಗರ ಒಳಗಿನವರಿಗೆ ಕೊಡುವ ಹೆಚ್ಚುವರಿ ರಕ್ಷಣೆಯನ್ನು ಸೊನ್ನೆಗಿಳಿಸು, ನಂತರ ಎರಡು ಮೂರು ಕ್ಯಾಟಪಲ್ಟ್ ಬಲಿಕೊಟ್ಟು ಒಳಗಿನವರನ್ನೆಲ್ಲ ಬಡಕಲಾಗಿಸು, ಕೊನೆಗೆ ಕಾಲಾಳನ್ನು ನುಗ್ಗಿಸು. ಕೆಲಸಕ್ಕೆ ಬರುವ ಮದ್ದೇ, ಆದರೆ ಸ್ಟ್ಯಾಕ್ ಕರಗಲಿಲ್ಲ. ಅದರೊಳಗೆ ಕ್ಯಾಟಪಲ್ಟ್‌ಗಳ ಸಂಖ್ಯೆ ಹೆಚ್ಚಿತು, ಅಷ್ಟೆ.

ಐದನೆಯ ಭಾಗದ (2010) ಮುಖ್ಯ ವಿನ್ಯಾಸಕ ಜಾನ್ ಶೇಫರ್ ಗಂಟನ್ನೇ ಕತ್ತರಿಸಿದರು. ‘ಪ್ಯಾಂಜರ್ ಜನರಲ್’ (1994) ಮಾದರಿಯಲ್ಲಿ ಚೌಕ ಹೋಗಿ ಹೆಕ್ಸ್ ಬಂತು, ಮನೆಗೊಂದೇ ಸೇನಾ ಯುನಿಟ್. ಬಿಲ್ಲುಗಾರರು ಎರಡು ಮನೆ ದೂರ ಹೊಡೆಯುತ್ತಾರೆ. ಬೆಟ್ಟ, ನದಿ, ಇಕ್ಕಟ್ಟಿನ ದಾರಿಗಳಿಗೆ ಮೊದಲ ಬಾರಿಗೆ ನಿಜವಾದ ಬೆಲೆ ಬಂತು. ಮೂರೇ ಯುನಿಟ್ ಇಟ್ಟುಕೊಂಡು ಕಣಿವೆಯ ಬಾಯಿ ಕಾಯುವುದರಲ್ಲಿ ಸರಣಿಯ ಹಿಂದಿನ ಯಾವ ಭಾಗವೂ ಕೊಡದ ಸುಖವಿದೆ.

ಇನ್ನು ಲೆಕ್ಕಕ್ಕೆ ಬರೋಣ. ಹೆಕ್ಸ್ ನಕ್ಷೆಯಲ್ಲಿ ಒಂದು ನಗರದ ಸುತ್ತ ಮೊದಲ ಸುತ್ತಿನಲ್ಲಿ 6 ಮನೆ, ಎರಡನೆಯದರಲ್ಲಿ 12. ಅಂದರೆ ನೀರು, ಬೆಟ್ಟ ಯಾವುದೂ ಇಲ್ಲದ ಬಯಲಿನಲ್ಲೂ ಎರಡು ಮನೆ ದೂರದೊಳಗೆ ನಗರಕ್ಕೆ ಹೊಡೆತ ಮುಟ್ಟಿಸಬಲ್ಲ ಜಾಗ 18. ಕರಾವಳಿ ನಗರವಾದರೆ ಕಾಲ್ದಳಕ್ಕೆ ಅದರ ಅರ್ಧ ಸಿಕ್ಕರೆ ಹೆಚ್ಚು. ಇಪ್ಪತ್ತು ಯುನಿಟ್‌ನ ಸೈನ್ಯ ತಂದರೆ ಹಿಂದಿನವು ರಸ್ತೆಯಲ್ಲೇ ಸಿಕ್ಕಿಬೀಳುತ್ತವೆ. ಗಾಯಗೊಂಡದ್ದು ಹಿಂದಕ್ಕೆ ಬರಲು ಹಿಂದಿನದು ಮೊದಲು ಸರಿಯಬೇಕು. ನಕ್ಷೆ ತುಂಬಿಹೋಗದಂತೆ ಯುನಿಟ್‌ಗಳು ಕಡಿಮೆ ಹುಟ್ಟಬೇಕು, ಅದಕ್ಕೆ ಉತ್ಪಾದನೆ ನಿಧಾನವಾಗಬೇಕು. ನಿಧಾನವಾದಾಗ ಕಟ್ಟಡಗಳೂ ನಿಧಾನ, ಇಡೀ ಆಟವೇ ನಿಧಾನ. ಎಐಗೆ (ಕಂಪ್ಯೂಟರ್ ಎದುರಾಳಿಗೆ) ಆದದ್ದು ಇನ್ನೂ ದೊಡ್ಡ ಪೆಟ್ಟು. ರಾಶಿ ಹಾಕಿ ನುಗ್ಗಿಸುವುದನ್ನು ಯಾವ ಪ್ರೋಗ್ರಾಮ್ ಬೇಕಾದರೂ ಕಲಿಯುತ್ತದೆ. ಯಾರು ಯಾವ ಕ್ರಮದಲ್ಲಿ ಸರಿಯಬೇಕು, ಬಿಲ್ಲುಗಾರನ ಮುಂದೆ ಯಾರು ನಿಲ್ಲಬೇಕು ಎಂದು ಪ್ರತಿ ಸರದಿಯಲ್ಲಿ ಹೊಂದಿಸುವುದು ಬೇರೆಯೇ ಮಟ್ಟದ ಕೆಲಸ. ಎಐನ ಬಿಲ್ಲುಗಾರರು ಮುಂದೆ ಬಂದು ಸಾಯುವುದನ್ನು ಆಟಗಾರರು ಬೇಗನೆ ಗುರುತಿಸಿದರು.

ಆರನೆಯ ಭಾಗ (2016) ಅರ್ಧ ಹಿಂದೆ ಸರಿಯಿತು. ಬ್ಯಾಟರಿಂಗ್ ರ‍್ಯಾಮ್‌ನಂಥ ಸಹಾಯಕ ಯುನಿಟ್‌ಗಳು ಸೈನಿಕರೊಂದಿಗೆ ಒಂದೇ ಮನೆಯಲ್ಲಿ ಇರಬಹುದು. ನ್ಯಾಷನಲಿಸಂ ಎಂಬ ಪ್ರಗತಿಯ ಹಂತ ಸಿಕ್ಕ ಮೇಲೆ ಒಂದೇ ಬಗೆಯ ಎರಡು ಯುನಿಟ್ ಸೇರಿ ಕೋರ್, ಬಲ 10 ಹೆಚ್ಚು. ಮೊಬಿಲೈಜೇಶನ್ ಹಂತದ ನಂತರ ಮೂರು ಸೇರಿ ಆರ್ಮಿ, ಬಲ 17 ಹೆಚ್ಚು. ಆದರೆ ಅದೇ ಗೇಮ್ ಚಲನೆಯನ್ನು ಬಿಗಿಗೊಳಿಸಿತು. ಐದರಲ್ಲಿ ಆ ಸರದಿಯ ಚಲನೆಯ ಅಂಕ ಚೂರು ಉಳಿದಿದ್ದರೂ ಬೆಟ್ಟ ಹತ್ತಬಹುದಿತ್ತು. ಇಲ್ಲಿ ಆ ಮನೆಗೆ ಹೋಗಲು ಬೇಕಾದ ಅಂಕ ಪೂರ್ತಿ ಕೈಯಲ್ಲಿರಬೇಕು. ಇಕ್ಕಟ್ಟು ಇನ್ನಷ್ಟು ಹೆಚ್ಚಿತು.

ನಾಲ್ಕನೆಯ ಭಾಗದ ಮುಖ್ಯ ವಿನ್ಯಾಸಕ ಸೋರೆನ್ ಜಾನ್ಸನ್ ‘ಓಲ್ಡ್ ವರ್ಲ್ಡ್’ನಲ್ಲಿ (2021) ಮನೆಗೊಂದು ಯುನಿಟ್ ನಿಯಮವನ್ನೇ ಇಟ್ಟುಕೊಂಡು ನಕ್ಷೆಯನ್ನು ಬದಲಿಸಿದರು. ನಗರ ಕಟ್ಟುವ ಜಾಗಗಳು ಮೊದಲೇ ಗೊತ್ತುಪಡಿಸಿದವು, ನಡುವೆ ಬೇಕಾದಷ್ಟು ಬಯಲು. ಯುನಿಟ್ ಎಷ್ಟಿದ್ದರೂ ಆಜ್ಞೆಗಳಿಗೆ ಪ್ರತಿ ಸರದಿಗೂ ಮಿತಿಯುಂಟು. ನನ್ನ ಮಟ್ಟಿಗೆ ಈ ನಿಯಮಕ್ಕೆ ಬೇಕಾದಷ್ಟು ಜಾಗ ಕೊಟ್ಟ ಗೇಮ್ ಇದೇ.

ಏಳನೆಯ ಭಾಗ (2025) ಪ್ರಯಾಣವನ್ನೂ ಕಾದಾಟವನ್ನೂ ಬೇರೆ ಮಾಡಿದೆ. ಆರ್ಮಿ ಕಮಾಂಡರ್ ನಾಲ್ಕು ಯುನಿಟ್‌ಗಳನ್ನು ಒಳಗೆ ಸೇರಿಸಿಕೊಂಡು ಒಂದಾಗಿ ನಡೆಯುತ್ತಾನೆ, ಬಡ್ತಿ ಸಿಕ್ಕರೆ ಆರು. ರಣಭೂಮಿಯಲ್ಲಿ ಅವನ್ನು ಅಕ್ಕಪಕ್ಕದ ಮನೆಗಳಿಗೆ ಬಿಚ್ಚಿ ಹರಡಬೇಕು. ಇನಿಶಿಯೇಟಿವ್ ಎಂಬ ಬಡ್ತಿ ಇಲ್ಲದಿದ್ದರೆ ಬಿಚ್ಚಿದ ಸರದಿಯಲ್ಲಿ ಯುನಿಟ್‌ಗಳು ಏನೂ ಮಾಡಲಾರವು. ಹಾಗಾಗಿ ಮೊದಲ ಬಡ್ತಿಗಳಲ್ಲೇ ಅದನ್ನು ತೆಗೆದುಕೊಳ್ಳುವುದು ಲೇಸು. ಅದಿಲ್ಲದವರು ಶತ್ರು ಬಿಲ್ಲುಗಾರರ ವ್ಯಾಪ್ತಿಗೆ ಒಂದು ಮನೆ ಹೊರಗೇ ದಂಡನ್ನು ಬಿಚ್ಚಬೇಕು.